ಸಾಸಿವೆಗಿಂತ ಸಣ್ಣ ಜೇಡ

ನಮ್ಮವ್ವನ ಕೆಲಸ ಜೇಡರ ಬಲೆ ಹೊಡೆಯುವುದು. ಹಂಪಿಯ ಮಂಟಪಗಳಲ್ಲಿ, ಗುತ್ತಿಗೆಯವರ ಕೈಕೆಳಗೆ, ಉದ್ದನೆಯ ಬಿದಿರು ಗಳಕ್ಕೆ ಕಸಬರಿಗೆ ಕಟ್ಟಿಕೊಂಡು ಕಂಬದ ಮೇಲಿನ ಮೂಲೆ ಮೂಲೆಗಳನ್ನು ಗುಡಿಸುತ್ತಾ ಬರಬೇಕು. ಪ್ರವಾಸಿಗರು ಬರುವಷ್ಟರಲ್ಲಿ ಮುಗಿದಿರಬೇಕು. ವರ್ಷಗಟ್ಟಲೆ ಕತ್ತು ಮೇಲೆತ್ತಿ ಅವಳಿಗೆ ಅದೇ ಅಭ್ಯಾಸವಾಗಿಬಿಟ್ಟಿದೆ. ಕಮಲಾಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತರೂ ಬಸ್ಸು ನೋಡುವ ಮೊದಲು ಛಾವಣಿ ನೋಡುತ್ತಾಳೆ. ನನ್ನ ಕೆಲಸ ಜೇಡ ಹುಡುಕುವುದು. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಸಂಡೂರಿನ ಗುಡ್ಡಗಳ ತರಗೆಲೆಯಲ್ಲಿ ಯಾವ ಯಾವ ಹುಳುಹುಪ್ಪಟೆ ಬದುಕಿವೆ ಎಂದು ನೋಡುವ ಪ್ರಾಜೆಕ್ಟೊಂದಕ್ಕೆ ಸೇರಿಕೊಂಡೆ. ತಾಯಿ ಕಿತ್ತು ಹಾಕಿದ್ದನ್ನು ಮಗಳು ಹುಡುಕಿಕೊಂಡು ಹೋಗುತ್ತಾಳೆ ಎಂದು ನಮ್ಮ ಓಣಿಯಲ್ಲಿ ನಗದವರಿಲ್ಲ. ನಾವಿಬ್ಬರೂ ಸೇರಿಕೊಂಡು ನಕ್ಕಿದ್ದೇವೆ.

ಆ ನಗು ನಿಂತದ್ದು ನನ್ನ ಹೆರಿಗೆಯ ಹೊತ್ತಿಗೆ. ಅದನ್ನೇ ಬರೆಯಬೇಕು ಅಂದುಕೊಂಡು ಕೂತಿದ್ದೇನೆ, ಆದರೆ ಮೊದಲು ಜೇಡದ ವಿಷಯ ಹೇಳದಿದ್ದರೆ ಉಳಿದದ್ದು ತಿಳಿಯುವುದಿಲ್ಲ.

ಸಂಡೂರಿನ ಕಡೆ ರಸ್ತೆಯ ಪಕ್ಕದ ಗಿಡದ ಎಲೆ ಹಸಿರಿರುವುದಿಲ್ಲ, ಇಟ್ಟಂಗಿ ಬಣ್ಣ. ಅದಿರಿನ ಲಾರಿ ಹೋದಾಗಲೆಲ್ಲ ಇನ್ನೊಂದು ಪದರ ಧೂಳು ಕೂರುತ್ತದೆ. ಗುಡ್ಡದ ಒಳಕ್ಕೆ, ಹಳ್ಳದ ಬದಿಗೆ ಇಳಿದರೆ ಮಾತ್ರ ಕಪ್ಪಗೆ ಕೊಳೆತ, ತೇವದ ತರಗೆಲೆ ಸಿಗುತ್ತದೆ. ಅದನ್ನು ಬೊಗಸೆಯಲ್ಲಿ ಎತ್ತಿ, ಜರಡಿಗೆ ಹಾಕಿ, ಬಿಳಿ ಬಟ್ಟೆಯ ಮೇಲೆ ಉದುರಿಸಿ, ಹೊಟ್ಟೆಯ ಮೇಲೆ ಮಲಗಿ ನೋಡುವುದು ನಮ್ಮ ವಿದ್ಯೆ. ಧೂಳಿನ ಕಣ ಅಂದುಕೊಂಡದ್ದು ಒಮ್ಮೊಮ್ಮೆ ನಡೆಯತೊಡಗುತ್ತದೆ. ನಡೆದರೆ ಅದು ಜೇಡ.

ಜಗತ್ತಿನ ಅತಿ ಸಣ್ಣ ಜೇಡಗಳು ಅರ್ಧ ಮಿಲಿಮೀಟರಿನಷ್ಟೂ ಇರುವುದಿಲ್ಲ. ಎಲ್ಲೋ ದೂರದ ದ್ವೀಪಗಳ ಪಾಚಿಯಲ್ಲಿ, ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಅವುಗಳನ್ನು ಕಂಡವರು ಬರೆದಿಟ್ಟಿದ್ದಾರೆ. ನನಗೆ ಸಂಡೂರಿನಲ್ಲಿ ಸಿಕ್ಕಿದ್ದು ಅವುಗಳ ದಾಯಾದಿ ಇರಬೇಕು, ಸಾಸಿವೆಯ ಪಕ್ಕದಲ್ಲಿಟ್ಟರೆ ಸಾಸಿವೆಯೇ ದೊಡ್ಡದು. ಎರಡು ಎಲೆಗಳ ನಡುವಿನ ಸಂದಿಯಲ್ಲಿ ಅದೂ ಬಲೆ ಕಟ್ಟುತ್ತದೆ, ಚಕ್ರದ ಹಾಗೆ, ಅಡ್ಡಡ್ಡವಾಗಿ. ಒಂದೋ ಎರಡೋ ಮೊಟ್ಟೆ ಇಡುತ್ತದೆ, ಅದರ ಮೈಗೆ ಹೆಚ್ಚು ಹಿಡಿಸುವುದಿಲ್ಲ. ಇಂಥ ಪುಟ್ಟ ಜೇಡಗಳಿಗೆ ಮಿದುಳು ಇಡಲು ಮೈಯಲ್ಲಿ ಜಾಗ ಸಾಲದೆ ಅದು ಕಾಲುಗಳೊಳಗೂ ಹರಡಿಕೊಂಡಿರುತ್ತದಂತೆ. ಇದನ್ನು ನಾನು ಬಹಳ ಸಂಭ್ರಮದಿಂದ ಅವ್ವನಿಗೆ ಹೇಳಿದಾಗ ನಾನು ಬಸುರಿ.

"ನಿನಗೂ ಮಿದುಳು ಕಾಲಾಗ ಇರಬೇಕಾಗಿತ್ತು ನೋಡು," ಅಂದಳು ಅವ್ವ. "ಬಸುರಿ ಅದೀನಿ, ಗುಡ್ಡ ಹತ್ತಬಾರದು ಅಂತ ಕಾಲಿಗಾದ್ರೂ ತಿಳೀತಿತ್ತು."

ಶ್ರಾವಣದವರೆಗೆ ಗುಡ್ಡ ಹತ್ತಿದೆ, ಆಮೇಲೆ ಬಿಟ್ಟೆ. ಏಳನೇ ತಿಂಗಳಲ್ಲಿ ಕಂಪ್ಲಿಯಲ್ಲಿ ಗಂಡನ ಮನೆಯವರು ಕುಬುಸ ಮಾಡಿ ತವರಿಗೆ ಕಳಿಸಿದರು. ಚೊಚ್ಚಲ ಬಾಣಂತನ ಅವ್ವನ ಮನೆಯಲ್ಲೇ ಆಗಬೇಕು. ನನ್ನ ಗಂಡ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವವರು, ಹೊಸಪೇಟೆಯಲ್ಲೇ ಉಳಿದರು. ನಾನು ಕಮಲಾಪುರಕ್ಕೆ ಬರುವಾಗ ಸೀರೆಗಳ ಜೊತೆ ಪ್ರಾಜೆಕ್ಟಿನ ಸೂಕ್ಷ್ಮದರ್ಶಕವನ್ನೂ, ಜೇಡಗಳನ್ನು ಸ್ಪಿರಿಟ್‌ನಲ್ಲಿಟ್ಟ ಸೀಸೆಗಳನ್ನೂ, ಉಳಿದಿದ್ದ ತರಗೆಲೆಯ ಚೀಲಗಳನ್ನೂ ತಂದೆ. ಕಿಟಕಿಯ ಹತ್ತಿರ ಅಪ್ಪನ ಹಳೆಯ ಮೇಜಿನ ಮೇಲೆ ಎಲ್ಲ ಹರಡಿಕೊಂಡೆ. ತರಗೆಲೆಯನ್ನು ಲಾಳಿಕೆಯಲ್ಲಿ ಹಾಕಿ ಮೇಲೆ ಒಂದು ಬಲ್ಬು ಹಚ್ಚಿಟ್ಟರೆ ಎಲೆ ಮೇಲಿನಿಂದ ಒಣಗುತ್ತಾ ಬರುತ್ತದೆ; ಒಳಗಿರುವ ಜೀವಗಳು ಬಿಸಿಗೆ ಹೆದರಿ ಕೆಳಕೆಳಗೆ ಇಳಿದು ಲಾಳಿಕೆಯ ಬಾಯಿಂದ ಸ್ಪಿರಿಟ್ಟಿಗೆ ಬೀಳುತ್ತವೆ. ಬಿದ್ದವನ್ನು ನಾನು ಒಂದೊಂದಾಗಿ ಆರಿಸಿ ಜಾತಿ ಗುರುತಿಸಬೇಕು. ಆ ಬಲ್ಬಿನ ಬೆಳಕಿನಲ್ಲೇ ಅವ್ವ ಅವರೆಕಾಯಿ ಸುಲಿಯುತ್ತಿದ್ದಳು, ಕೆಳಗಿನ ಬಾಟಲಿಯನ್ನು ಎಂದೂ ಬಗ್ಗಿ ನೋಡಿದವಳಲ್ಲ.

ಕಾರ್ತಿಕದಲ್ಲಿ ಒಂದು ಬೆಳಿಗ್ಗೆ, ಮನೆಯಲ್ಲಿ ಕೂತು ಕೂತು ಬೇಸರವಾಗಿ, ಅವ್ವನ ಜೊತೆ ಹಂಪಿಗೆ ಹೋದೆ. ಅವಳು ಮಂಟಪದೊಳಗೆ ಗಳ ಎತ್ತಿದ್ದಳು. ಕಲ್ಲಿನ ಸಂದಿಯಲ್ಲಿ ಅಂಗಿಯ ಗುಂಡಿಯಷ್ಟು ಅಗಲದ ಬಿಳಿಯ ಚಕ್ಕೆಗಳು ಅಂಟಿದ್ದವು. ಅವ್ವ ಅವುಗಳನ್ನು 'ಸುಣ್ಣದ ಹೊಪ್ಪಳಿ' ಎನ್ನುತ್ತಿದ್ದಳು, ಬಲೆ ಹೋದರೂ ಇವು ಬೇಗ ಹೋಗುವುದಿಲ್ಲ, ಕೆರೆಯಬೇಕು ಎಂದು ಅವುಗಳ ಮೇಲೆ ಅವಳಿಗೆ ಭಾರಿ ಸಿಟ್ಟು. ನಾನು ಮೊಬೈಲಿನ ಟಾರ್ಚ್ ಹಾಕಿ ಒಂದನ್ನು ಬೆರಳ ಉಗುರಿನಿಂದ ಬಿಡಿಸಿ ತೋರಿಸಿದೆ. ಒಳಗೆ ಮರಿಗಳಿದ್ದವು, ಬಿಳಿಚಿಕೊಂಡು, ಒಂದರ ಮೇಲೊಂದು, ಆಗ ತಾನೇ ಕಾಲು ಬಂದಂಥವು. ಟಾರ್ಚಿನ ಬೆಳಕಿಗೆ ಒಟ್ಟಿಗೆ ಅಲುಗಿದವು.

"ಇದು ಸುಣ್ಣ ಅಲ್ಲವ್ವಾ. ತತ್ತಿ ಇಟ್ಟು ಮ್ಯಾಲ ಹೊದಿಸಿರ್ತಾವ. ಒಂದೊಂದ್ರಾಗೂ ಹಿಂಗ ಮರಿ ಇರ್ತಾವ."

"ಎಲ್ಲಾದ್ರಾಗೂನಾ?"

"ಎಲ್ಲಾದ್ರಾಗೂ."

ಅವ್ವ ಸ್ವಲ್ಪ ಹೊತ್ತು ನೋಡಿದಳು. "ಅಯ್ಯ," ಅಂದಳು. ಆಮೇಲೆ ಗಳ ಎತ್ತಿ ಉಳಿದ ಮೂಲೆಗಳನ್ನು ಎಂದಿನ ಹಾಗೆಯೇ ಗುಡಿಸಿದಳು. ಬಿಸಿಲು ಏರಿತ್ತು, ಇಬ್ಬರೂ ಚಹಾ ಕುಡಿದು ಬಸ್ಸು ಹತ್ತಿದೆವು. ದಾರಿಯಲ್ಲಿ ಅವಳು ಬಾಳೆಕಾಯಿ ರೇಟು ಇಳಿದದ್ದರ ಬಗ್ಗೆಯೇ ಮಾತಾಡಿದಳು. ನಾನೋ ಅವ್ವನಿಗೂ ಒಂದಿಷ್ಟು ವಿಜ್ಞಾನ ಕಲಿಸಿದೆ ಎಂಬ ಹೆಮ್ಮೆಯಲ್ಲಿ ಹೊಟ್ಟೆ ಸವರಿಕೊಳ್ಳುತ್ತಾ ಕೂತಿದ್ದೆ.

ಮಾರ್ಗಶಿರದ ಚಳಿ ಶುರುವಾದಾಗ, ಇನ್ನೂ ಬಹಳ ದಿನ ಬಾಕಿ ಇರುವಾಗಲೇ, ನೀರು ಒಡೆಯಿತು. ಆಟೊದಲ್ಲಿ ಹೊಸಪೇಟೆಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ನನಗೆ ನನ್ನ ಹೆಸರೂ ಬೇಡವಾಗಿತ್ತು. ಹೆಣ್ಣು ಕೂಸು. ಅತ್ತಿತು, ಆದರೆ ಅದು ಅಳು ಎಂದು ಡಾಕ್ಟರು ಹೇಳಿದ ಮೇಲೆ ನನಗೆ ಗೊತ್ತಾದದ್ದು. ಎತ್ತಿ ತೋರಿಸಿ ತಕ್ಷಣ ಒಯ್ದರು. ಆ ಒಂದು ಗಳಿಗೆಯಲ್ಲಿ ನಾನು ಕಂಡದ್ದು ಬರಿಯ ಕಾಲು, ತೆಳ್ಳಗೆ, ಉದ್ದುದ್ದಕ್ಕೆ, ಮಂಡಿಯಲ್ಲಿ ಮಡಚಿಕೊಂಡ ಕಾಲು.

ಮರುದಿನ ಗಾಲಿಕುರ್ಚಿಯಲ್ಲಿ ಕೂರಿಸಿ ಕೂಸಿನ ಹತ್ತಿರ ಕರೆದುಕೊಂಡು ಹೋದರು. ಒಂದು ತಟ್ಟೆಯಂಥ ಹಾಸಿಗೆ, ಅದರ ಮೇಲೆ ಬಿಸಿ ಕೊಡುವ ಕೆಂಪು ದೀಪ, ಕೆಳಗೆ ನನ್ನ ಮಗಳು. ನನ್ನ ಲಾಳಿಕೆಯೂ ಬಲ್ಬೂ ಕಣ್ಣ ಮುಂದೆ ಬಂದವು. ಇದು ಬದುಕಿಸುವ ಬಿಸಿ, ಅದು ಬೇರೆ, ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡಷ್ಟೂ ಆ ದೀಪದಿಂದ ಕಣ್ಣು ಕೀಳಲಾಗಲಿಲ್ಲ. ನರ್ಸ್ ಬಂದು "ಯಾಕ್ರೀ, ಅಳಬ್ಯಾಡ್ರಿ, ಭಾಳ ಗಟ್ಟಿ ಐತಿ ಕೂಸು," ಎಂದು ಭುಜ ಒತ್ತಿದರು. ಅವರಿಗೆ ಏನೆಂದು ವಿವರಿಸಲಿ?

ಕೆಲವು ವಾರ ಅಲ್ಲೇ ಕಳೆಯಿತು. ಹಾಲು ಹಿಂಡಿ ಹಿಂಡಿ ಕೊಡುವುದು, ಕೊಳವೆಯಲ್ಲಿ ಅವರು ಹಾಕುವುದು, ತೂಕ ಸ್ವಲ್ಪ ಏರಿತು ಅನ್ನುವುದು, ಮತ್ತೆ ಇಳಿಯಿತು ಅನ್ನುವುದು. ಕೊನೆಗೆ ಕೂಸು ತಾನೇ ಚೀಪತೊಡಗಿತು. ಮನೆಗೆ ಕಳಿಸುವಾಗ ಡಾಕ್ಟರು ಒಂದೇ ಮಾತನ್ನು ಬೇರೆ ಬೇರೆ ರೀತಿ ತಿರುಗಿಸಿ ಹೇಳಿದರು: ಈ ಕೂಸಿಗೆ ತನ್ನ ಮೈಯನ್ನು ತಾನು ಬೆಚ್ಚಗಿಟ್ಟುಕೊಳ್ಳಲು ಬರುವುದಿಲ್ಲ. ಬರಿಮೈ ಕೂಸನ್ನು ಬರಿ ಎದೆಗೆ ಕಟ್ಟಿಕೊಂಡಿರಬೇಕು, ಹಗಲೂ ರಾತ್ರಿಯೂ, ಎಷ್ಟು ಹೊತ್ತು ಆಗುತ್ತದೋ ಅಷ್ಟೂ ಹೊತ್ತು. ತಾಯಿಯೇ ಆಗಬೇಕೆಂದಿಲ್ಲ, ತಂದೆಯಾದರೂ ಸರಿ, ಅಜ್ಜಿಯಾದರೂ ಸರಿ. ತಣ್ಣಗಾದರೆ ಹಾಲು ಬಿಡುತ್ತದೆ, ಹಾಲು ಬಿಟ್ಟರೆ ಕಷ್ಟ.

ಕಮಲಾಪುರದ ಮನೆಯಲ್ಲಿ ಅವ್ವ ಎಲ್ಲ ಸಜ್ಜು ಮಾಡಿದ್ದಳು. ಗೋಣಿಚೀಲ ಕಟ್ಟಿ ಕಿಟಕಿಯ ಗಾಳಿ ತಡೆದಿದ್ದಳು. ತನ್ನ ಮೆತ್ತಗಿನ ಹಳೆಯ ಸೀರೆ ಹರಿದು ಕುಂಚಿಗೆ ಹೊಲಿದಿದ್ದಳು, ತಲೆಯಿಂದ ಬೆನ್ನಿನವರೆಗೂ ಇಳಿಬಿಡುವಂಥದ್ದು. ಎಷ್ಟು ಚಿಕ್ಕದು ಹೊಲಿದರೂ ಕೂಸು ಅದರೊಳಗೆ ಮುಳುಗಿಹೋಗುತ್ತಿತ್ತು. ನನಗೆ ಬಿಸಿನೀರು ಹೊಯ್ದಳು, ಬೆನ್ನು ತಿಕ್ಕಿದಳು, ಅಂಟಿನುಂಡಿ ಕಟ್ಟಿದಳು, ಬೆಳ್ಳುಳ್ಳಿ ಒಗ್ಗರಣೆಯ ಸಾರು ಮಾಡಿದಳು. ಕೂಸಿನ ಬಟ್ಟೆ ಒಗೆದು ಮಡಚಿಟ್ಟಳು. ಆದರೆ ಕೂಸನ್ನು ಎತ್ತಲಿಲ್ಲ.

ಮೊದಮೊದಲು ನನಗೆ ಇದು ಗೊತ್ತೇ ಆಗಲಿಲ್ಲ. ಕರೆದಾಗಲೆಲ್ಲ ಅವ್ವನಿಗೆ ಏನೋ ಒಂದು ನೆಪ ಇರುತ್ತಿತ್ತು. "ಕೈ ಹಸಿ ಅದಾವವ್ವಾ." "ಈಗ ಮೆಣಸಿನಕಾಯಿ ಮುಟ್ಟೀನಿ." "ಹೊರಗ ಹೋಗಿ ಬಂದೀನಿ, ಧೂಳಾ." ಕುಂಚಿಗೆಯನ್ನು ಹಾಸಿಗೆಯ ಮೇಲಿಟ್ಟು ನೀನೇ ಹಾಕು ಎನ್ನುತ್ತಿದ್ದಳು. ಕೂಸು ಮಲಗಿದ್ದಾಗ ಮಾತ್ರ ಬಾಗಿಲ ಹತ್ತಿರ ನಿಂತು ದೂರದಿಂದ ನೋಡುತ್ತಿದ್ದಳು. ಸಣ್ಣ ಕೂಸು, ಹೆದರಿಕೆ ಇರಬೇಕು ಅಂದುಕೊಂಡೆ. ಆದರೆ ನಮ್ಮ ಓಣಿಯ ಎಷ್ಟೋ ಕೂಸುಗಳಿಗೆ ಕಾಲ ಮೇಲೆ ಹಾಕಿಕೊಂಡು ಎರೆದವಳು ಇವಳು. ಹೆದರುವ ಹೆಂಗಸಲ್ಲ. ಆಮೇಲಾಮೇಲೆ ನನಗೆ ಸಿಟ್ಟು ಬರತೊಡಗಿತು. ಹೆಣ್ಣು ಕೂಸೆಂದೇ? ಬದುಕುವ ನಂಬಿಕೆ ಇಲ್ಲವೆಂದು ಮಾಯೆ ಬೆಳೆಸಿಕೊಳ್ಳಲು ಹಿಂಜರಿಕೆಯೇ? ಬಾಣಂತಿಯ ತಲೆಗೆ ಏನು ಬೇಕಾದರೂ ಹೊಳೆಯುತ್ತದೆ.

ಕಾರಣ ಹೇಳಿದವಳು ಅವ್ವನ ಜೊತೆ ಕೆಲಸ ಮಾಡುವ ಹೆಂಗಸು, ಕೂಸು ನೋಡಲು ಬಂದವಳು. ಅವ್ವ ನೀರು ತರಲು ಹೋಗಿದ್ದಳು. ಆಕೆ ನನ್ನ ಹತ್ತಿರ ಜರುಗಿ ದನಿ ಇಳಿಸಿದಳು.

"ನಿಮ್ಮವ್ವಗ ಏನಾಗೇತಿ ಕೇಳವಾ ಸ್ವಲ್ಪ. ಗಳ ಹಿಡಕೊಂಡು ಕಂಬದ ಮುಂದ ಸುಮ್ಮನ ನಿಂದರತಾಳ. ಬಲಿ ಮುಟ್ಟಂಗಿಲ್ಲ. ನೆಲ ಅಷ್ಟ ಉಡುಗ್ತಾಳ. ಆಕಿ ಪಾಲಿಂದೂ ನಾವ ಹೊಡೀತೀವಿ. ಮೇಸ್ತ್ರಿ ಬೈದಾನ, ನಾಳಿಂದ ಬ್ಯಾಡ ಅಂದಾನು."

ಆಕೆ ಹೋದ ಮೇಲೆ ನಾನು ಅವ್ವನನ್ನು ಎದುರಿಗೆ ಕೂರಿಸಿಕೊಂಡು ಕೇಳಿದೆ. ಅವಳು ಸೆರಗಿನ ಅಂಚು ಸುತ್ತುತ್ತಾ, ನನ್ನ ಕಡೆ ನೋಡದೆ ಹೇಳಿದಳು.

"ಹರೇದಾಕಿ ಇದ್ದಾಗಿಂದ ಅದನ್ನ ಕೆರೆದು ಕೆರೆದು ಒಗದೀನಿ. ಸುಣ್ಣ ಅಂತ ಮಾಡಿದ್ದೆ. ಎಷ್ಟು ಮರಿ ಆದುವು ಹೇಳು. ನೀ ತೋರಿಸಿದಿ, ಮುಂದ ನಿನ್ನ ಹೊಟ್ಯಾಗಿಂದು ಹಂಗ ಬಂತು. ಅವುಗಳಂಗ ಬೆಳ್ಳಗ, ಕಾಲು ಅಷ್ಟ. ಇದು ನನ್ನ ಕೈ ಪಾಪವ್ವಾ. ಈ ಕೈಲಿ ಮುಟ್ಟಿದ್ರ ಅದು ಉಳಿಯಂಗಿಲ್ಲ."

ನಮ್ಮಪ್ಪ ಬದುಕಿದ್ದಾಗ ಮನೆಯವರನ್ನೆಲ್ಲ ಬುದ್ಧನ ದಾರಿಗೆ ಕರೆತಂದಿದ್ದ. ಪಡಸಾಲೆಯ ಗೋಡೆಗೆ ಬುದ್ಧ, ಅಡುಗೆಮನೆಯ ಗೂಡಿನಲ್ಲಿ ಅವ್ವ ಬಿಡಲಾರದೆ ಇಟ್ಟುಕೊಂಡ ಹುಲಿಗೆಮ್ಮ; ಇಬ್ಬರೂ ಜಗಳವಾಡಿದ್ದನ್ನು ನಾನು ಕಂಡಿಲ್ಲ. ಪ್ರತಿ ಬೆಳಿಗ್ಗೆ ಅವ್ವ ಪಂಚಶೀಲ ಹೇಳಿಯೇ ಕೆಲಸಕ್ಕೆ ಹೊರಡುವುದು. ಪಾಲಿ ಭಾಷೆ, ಪೂರ್ತಿ ಬಾಯಿಪಾಠ. ಮೊದಲನೆಯದರ ಅರ್ಥ ಯಾವ ಜೀವವನ್ನೂ ಕೊಲ್ಲುವುದಿಲ್ಲ ಎಂದು ಅಪ್ಪ ತಿಳಿಸಿದ ದಿನದಿಂದ ಮನೆಯಲ್ಲಿ ಕೋಳಿ ಕೊಯ್ಯುವುದನ್ನು ನಿಲ್ಲಿಸಿದ್ದಳು; ಬೇರೆಯವರು ಕೊಯ್ದದ್ದನ್ನು ತಿನ್ನುವುದನ್ನು ಮಾತ್ರ ಬಿಟ್ಟಿರಲಿಲ್ಲ. ಕೋಳಿಯ ಲೆಕ್ಕದಲ್ಲಿ ತಾನು ಚೊಕ್ಕ ಎಂದುಕೊಂಡು ಇಷ್ಟು ವರ್ಷ ನೆಮ್ಮದಿಯಾಗಿದ್ದವಳು. ಶೀಲ ಹೇಳಿ, ಬಸ್ಸು ಹತ್ತಿ, ಹೋಗಿ ಮರಿಗಳನ್ನು ಕೆರೆಯುತ್ತಿದ್ದೆ ಎಂದು ಅವಳಿಗೆ ಈಗ ಗೊತ್ತಾಗಿದೆ. ತಿಳಿಸಿದವಳು ಓದಿದ ಮಗಳು.

ನಾನು ಬಲ್ಲದ್ದನ್ನೆಲ್ಲ ಹೇಳಿದೆ. ರಕ್ತದ ಒತ್ತಡ ಏರಿ ಹೀಗಾಯಿತು ಎಂದು ಡಾಕ್ಟರು ಹೇಳಿದ್ದನ್ನು ಹೇಳಿದೆ. ಸಾವಿರಾರು ಕೂಸುಗಳು ದಿನ ತುಂಬದೆ ಹುಟ್ಟುತ್ತವೆ, ಅವರ ಅಜ್ಜಿಯರೆಲ್ಲ ಬಲೆ ಹೊಡೆದಿದ್ದರೇನು ಎಂದು ಕೇಳಿದೆ. ಪಾಪಗೀಪ ಎಲ್ಲ ಸುಳ್ಳು ಅಂದೆ. ಆಮೇಲೆ ಹಲ್ಲು ಕಚ್ಚಿ, ನಿನ್ನಂಥ ಮೂಢಳನ್ನು ಕಂಡಿಲ್ಲ ಎಂದೂ ಅಂದೆ. ಅವ್ವ ಎಲ್ಲಕ್ಕೂ "ಹೂಂ" ಅಂದಳು. ಎದ್ದು ಹೋಗಿ ಒಲೆಯ ಮುಂದೆ ಕೂತಳು. ವಾದದಲ್ಲಿ ನಾನು ಗೆದ್ದಿದ್ದೆ, ಕೂಸು ಮಾತ್ರ ನನ್ನ ತೊಡೆಯ ಮೇಲೆಯೇ ಇತ್ತು.

ಹೇಗೋ ನಡೆಯುತ್ತಿತ್ತು. ನಾನು ಕಟ್ಟಿಕೊಂಡಿರುತ್ತಿದ್ದೆ, ಸಾಕಾದಾಗ ನನ್ನ ಗಂಡ. ಪಾಳಿ ಮುಗಿಸಿ ಬಂದು, ಮೈ ತೊಳೆದು, ಅಂಗಿ ತೆಗೆದು ಗೋಡೆಗೆ ಒರಗಿ ಕೂತರೆ ಅವರ ಎದೆಯ ಮೇಲೆ ಕೂಸು ಕಪ್ಪೆಯ ಹಾಗೆ ಅಂಟಿಕೊಂಡು ಮಲಗುತ್ತಿತ್ತು. ಕಂಪ್ಲಿಯಿಂದ ನೆಗೆಣ್ಣಿ ಕೆಲವು ದಿನ ಬಂದಿದ್ದಳು. ಭತ್ತದ ಕೊಯ್ಲು ಶುರುವಾಯಿತೆಂದು ಹೊರಟುಹೋದಳು. ಅಷ್ಟರಲ್ಲಿ ನನ್ನ ಎದೆಯಲ್ಲಿ ಹಾಲು ಕಟ್ಟಿ ಬಾವು ಬಂತು. ಚಳಿಜ್ವರ ಹತ್ತಿತು. ಔಷಧ ಶುರುವಾಗಿತ್ತು, ಆದರೆ ಹಲ್ಲು ಹಲ್ಲಿಗೆ ಬಡಿದು ಮಂಚ ಅಲ್ಲಾಡುವಂಥ ನಡುಕ. ಕೈಯಲ್ಲಿ ಕೂಸು ಹಿಡಿದರೆ ಬಿಟ್ಟುಬಿಡುತ್ತೇನೆ ಎಂಬ ಭಯ.

ಆ ಮಧ್ಯಾಹ್ನ ನನ್ನ ಗಂಡ ಪಾಳಿಗೆ ಹೋಗಿಯಾಗಿತ್ತು. ನಮ್ಮ ಓಣಿಯ ಆಶಾ ಕಾರ್ಯಕರ್ತೆ ಬಂದು ಕೂಸಿನ ಪಾದ ಮುಟ್ಟಿ ನೋಡಿದಳು. ಅವಳ ಮುಖ ಬದಲಾಯಿತು.

"ಹೊಟ್ಟಿ ಬೆಚ್ಚಗೈತಿ, ಕಾಲು ತಣ್ಣಗಾಗ್ಯಾವ. ಹಾಲು ಕುಡೀತಾ?"

"ಬೆಳಿಗ್ಗಿಂದ ಸರಿಯಾಗಿ ಕುಡಿದಿಲ್ಲ."

"ಹಿಂಗ ಮಲಗಿಸಬ್ಯಾಡ್ರೀ ಅಕ್ಕಾ. ಎದಿಗೆ ಹಾಕ್ಕೊಬೇಕು. ನಿಮಗ ಆಗಂಗಿಲ್ಲಂದ್ರ ಅಮ್ಮಾರು ಅದಾರಲ್ಲ. ಅಮ್ಮಾ, ಬರ್ರಿ ಇಲ್ಲಿ, ಕುಂದ್ರಿ. ನಾ ಕಟ್ಟಿ ಕೊಡ್ತೀನಿ. ಸಂಜಿಗೆ ಬಂದು ನೋಡ್ತೀನಿ, ಹಿಂಗ ಇತ್ತಂದ್ರ ಮತ್ತ ಆಸ್ಪತ್ರಿಗೆ ಒಯ್ಯೋದ."

ಅವ್ವ ಬಾಗಿಲಲ್ಲಿ ನಿಂತು ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡಳು. ತಲೆ ಅಲ್ಲಾಡಿಸಿದಳು. ಆಶಾಳಿಗೆ ಏನೂ ತಿಳಿಯಲಿಲ್ಲ. ಅವಳಿಗೆ ಇನ್ನೂ ಎಷ್ಟೋ ಮನೆಗಳಿದ್ದವು. ಕೂಸನ್ನು ನನ್ನ ಎದೆಗೇ ಬಿಗಿಯಾಗಿ ಕಟ್ಟಿ, ಮೇಲೆ ಕೌದಿ ಹೊದಿಸಿ ಹೋದಳು. ನಾನು ನಡುಗುತ್ತಿದ್ದೆ, ನನ್ನ ಜೊತೆ ಕೂಸೂ ನಡುಗುತ್ತಿತ್ತು. ಅದರ ಪಾದಗಳು ನನ್ನ ಹೊಟ್ಟೆಗೆ ತಾಗುತ್ತಿದ್ದವು, ತಣ್ಣಗೆ.

ಆಗ ನನಗೆ ಹೊಳೆದದ್ದು ಆ ಜೇಡ. ಸಣ್ಣದೆಂದರೆ ಅರೆಬರೆಯಲ್ಲ, ಶಾಪವಲ್ಲ, ಇದಕ್ಕಿಂತ ಎಷ್ಟೋ ಸಣ್ಣದೂ ಪೂರ್ತಿಯಾಗಿ ಹುಟ್ಟಿ ಬದುಕುತ್ತದೆ ಎಂದು ಅವ್ವನಿಗೆ ಕಣ್ಣಾರೆ ತೋರಿಸಬೇಕು. ಮಾತಿನಲ್ಲಿ ಆಗದ್ದು ನೋಟದಲ್ಲಿ ಆದೀತು. ಗೋಡೆ ಹಿಡಿದು ಎದ್ದೆ. ಅವ್ವ "ಎದಕ್ಕ ಏಳ್ತಿ, ಮಲಗು" ಎಂದು ಗದರಿದರೂ ಕೇಳಲಿಲ್ಲ. ಮೇಜಿನ ಮೇಲಿನ ಟವೆಲ್ ಸರಿಸಿ ಸೂಕ್ಷ್ಮದರ್ಶಕದ ದೀಪ ಹಾಕಿದೆ. ಸಂಡೂರಿನ ಹಳ್ಳದ ಬದಿಯಲ್ಲಿ ಸಿಕ್ಕಿದ ಎಲ್ಲಕ್ಕಿಂತ ಪುಟ್ಟದನ್ನು ಅದರ ಸೀಸೆಯಿಂದ ಬಟ್ಟಲಿಗೆ ಸುರಿದೆ. ಅರ್ಧ ಸ್ಪಿರಿಟ್ ಮೇಜಿನ ಮೇಲೆ ಚೆಲ್ಲಿತು.

"ಬಾ, ನೋಡು."

ಅವ್ವ ಕೈ ಕಟ್ಟಿಕೊಂಡೇ ಬಗ್ಗಿದಳು. ಮೊದಲು ಅವಳಿಗೆ ಕಂಡದ್ದು ತನ್ನ ರೆಪ್ಪೆಗೂದಲೇ. "ಏನೂ ಕಾಣವಲ್ದು, ಬರೇ ಕಡ್ಡಿ" ಅಂದಳು. ಕಣ್ಣು ಸ್ವಲ್ಪ ಹಿಂದಕ್ಕೆ ತೆಗೆ ಎಂದೆ. ತಿರುಗಣೆ ತಿರುಗಿಸಿದೆ.

"ಎಷ್ಟು ಚಂದ ಐತಲ್ಲೇ," ಅಂದಳು. "ಕಾಲು ನೋಡು. ಎಲ್ಲಾ ಐತಿ."

"ಎಲ್ಲಾ ಐತವ್ವಾ. ಸಾಸಿವೆಗಿಂತ ಸಣ್ಣದು ಇದು. ಬಲಿ ಕಟ್ತೈತಿ, ಬ್ಯಾಟಿ ಆಡ್ತೈತಿ. ಯಾರ ಶಾಪದಿಂದ್ಲೂ ಸಣ್ಣದಾಗಿಲ್ಲ. ಇರೋದ ಹಂಗ."

ಅವಳು ನೋಡುತ್ತಲೇ ಇದ್ದಳು. ನನಗೆ ಗೆದ್ದೆ ಅನ್ನಿಸಿತು. ಕೌದಿಯ ಒಳಗೆ ಕೈ ಹಾಕಿ ಕೂಸಿನ ಗಂಟು ಸಡಿಲಿಸಲು ಶುರು ಮಾಡಿದ್ದೆ.

"ಅಲ್ಲಾಡವಲ್ದಲ್ಲ?" ಅಂದಳು ಅವ್ವ.

"ಸತ್ತೈತವ್ವಾ ಅದು. ಸ್ಪಿರಿಟ್‌ನಾಗ ಇಟ್ಟೀನಿ."

"ತಾನ ಸತ್ತಿತ್ತೇನು?"

ಸಡಿಲಿಸಿದ್ದ ಗಂಟನ್ನು ಮತ್ತೆ ಬಿಗಿದೆ. ಅವ್ವ ಕಣ್ಣು ತೆಗೆಯದೆ ಇನ್ನೊಂದು ಕೇಳಿದಳು.

"ಬಾಜೂಕ ಗುಂಡಗ ಬೆಳ್ಳಗ ಎರಡು ಅದಾವಲ್ಲ, ಏನವು?"

"ತತ್ತಿ."

"ಇದರವ?"

"ಹೂಂ."

ಆ ಹೆಣ್ಣನ್ನು ಅದರ ಬಲೆಯಿಂದಲೇ, ಮೊಟ್ಟೆಗಳ ಸಮೇತ, ಒದ್ದೆ ಕುಂಚದ ತುದಿಯಲ್ಲಿ ಎತ್ತಿದ್ದೆ. ಬಹಳ ನಾಜೂಕಾಗಿ ಎತ್ತಿದ್ದೆ, ಒಂದು ಕಾಲೂ ಮುರಿಯದ ಹಾಗೆ. ಪ್ರಾಜೆಕ್ಟಿನಲ್ಲಿ ಎಲ್ಲರೂ ನನ್ನ ಕೈಯನ್ನು ಹೊಗಳಿದ್ದರು. ಜಾತಿ ಗುರುತಿಸಬೇಕಾದರೆ ಇನ್ನು ಬೇರೆ ದಾರಿಯೂ ಇಲ್ಲ.

"ಯಾವಾಗ ತಂದಿದ್ದು?"

"ಶ್ರಾವಣದಾಗ."

ಅವ್ವ ತಲೆ ಎತ್ತಿದಳು. ಶ್ರಾವಣದಲ್ಲಿ ನಾನು ಹೇಗಿದ್ದೆ ಎಂಬುದು ಅವಳಿಗೆ ಗೊತ್ತು, ವಾಂತಿ ಮಾಡಿಕೊಂಡು ಸಂಡೂರಿನ ಬಸ್ಸು ಹತ್ತುತ್ತಿದ್ದವಳನ್ನು ಬೈದವಳು ಅವಳೇ. ಅವಳ ನೋಟ ಮೇಜಿನ ಮೇಲೆ ಸಾಲಾಗಿಟ್ಟಿದ್ದ ಸೀಸೆಗಳ ಮೇಲೆ ಹೋಯಿತು, ಮೂಲೆಯಲ್ಲಿದ್ದ ಲಾಳಿಕೆಯ ಮೇಲೆ, ಅದರ ಬಲ್ಬಿನ ಮೇಲೆ, ಕೆಳಗಿನ ಬಾಟಲಿಯ ಮೇಲೆ. ನಾನು ಏನನ್ನೂ ವಿವರಿಸುವ ಅಗತ್ಯ ಬೀಳಲಿಲ್ಲ. ಆಮೇಲೆ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಬಾವಿಗೆ ಹೋದ ಹೆಂಗಸಿಗೆ ಪಕ್ಕದ ಮನೆಯವಳೂ ಕೊಡ ಹಿಡಿದು ಎದುರಾದರೆ ನೀನೂ ಇದಕ್ಕೇ ಬಂದೆಯಾ ಎಂದು ನೋಡುತ್ತಾಳಲ್ಲ, ಆ ನೋಟ.

"ನನಗ ಗೊತ್ತಿದ್ದಿದ್ದಿಲ್ಲ. ನೀ ಗೊತ್ತಿದ್ದೂ ಮಾಡೀದಿ," ಅಂದಳು. "ಹಂಗಾರ ನನ್ನ ಒಬ್ಬಾಕಿ ಕೈ ಅಲ್ಲ ಇದು. ನಿಂದೂ ನಂದೂ ಒಂದ ಕೈ. ನಿನ್ನ ಕೈಲಿದ್ದು ಇಷ್ಟು ದಿನ ಉಳದೈತೆಂದ್ರ ನನ್ನ ಕೈಲೂ ಉಳೀತೈತಿ. ಹೌದಲ್ಲ?"

ಅಲ್ಲ ಎನ್ನುವುದಕ್ಕೆ ನನ್ನ ಹತ್ತಿರ ಎಲ್ಲ ಮಾತೂ ಸಿದ್ಧವಾಗಿದ್ದವು. ರಕ್ತದೊತ್ತಡದ ಮಾತು, ಸಾವಿರಾರು ಕೂಸುಗಳ ಮಾತು. ನನ್ನ ಓದು, ನನ್ನ ಕೆಲಸ, ಈ ಮೇಜಿನ ಮೇಲಿದ್ದದ್ದೆಲ್ಲ ಆ ಒಂದು 'ಅಲ್ಲ'ದ ಮೇಲೆ ನಿಂತಿದ್ದವು. ಅಲ್ಲ ಎಂದರೆ ಅವ್ವ ಮತ್ತೆ ಕೈಯನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತಾಳೆ. ಕೂಸಿನ ಪಾದ ನನ್ನ ಹೊಟ್ಟೆಗೆ ಒತ್ತಿಕೊಂಡಿತ್ತು.

"ಹೌದವ್ವಾ," ಅಂದೆ.

ಅವ್ವ ಕುಪ್ಪಸದ ಗುಂಡಿ ಬಿಚ್ಚಿ, ಗೋಡೆಗೆ ಒರಗಿ ಕೂತು, "ತಾ ಇಲ್ಲಿ" ಎಂದು ಎರಡೂ ಕೈ ಚಾಚಿದಳು. ಸಂಜೆ ಆಶಾ ಬಂದಾಗ ಕೂಸಿನ ಪಾದಗಳು ಬೆಚ್ಚಗಾಗಿದ್ದವು, ಅದು ಹಸಿವಿಗೆ ಅಳುತ್ತಿತ್ತು, ನಿಜವಾದ ಅಳು, ಓಣಿಗೆ ಕೇಳುವಂಥದ್ದು. ಅವ್ವ ಅದನ್ನು ನನ್ನ ಹತ್ತಿರ ತಂದು ಹಾಲು ಕುಡಿಸಿ ಮತ್ತೆ ಎತ್ತಿಕೊಂಡು ಹೋದಳು. ಆಮೇಲಿನ ಎಷ್ಟೋ ದಿನ ನನಗೆ ಕೇಳಿದರೂ ಕೊಡಲಿಲ್ಲ.

ಹಂಪಿಯ ಕೆಲಸವನ್ನು ಅವ್ವ ಬಿಟ್ಟಳು. ನಾನು ಬಿಡಲಿಲ್ಲ, ಮಳೆಗಾಲದಲ್ಲಿ ಮತ್ತೆ ಸಂಡೂರಿಗೆ ಹೋಗುತ್ತೇನೆ, ಕುಂಚದ ತುದಿಯಲ್ಲಿ ಎತ್ತಿ ಸ್ಪಿರಿಟ್ಟಿಗೆ ಹಾಕುತ್ತೇನೆ, ಹಾಕುವಾಗ ಮೊದಲಿಲ್ಲದ ಒಂದು ಅಳುಕು ಕೈಯಲ್ಲಿರುತ್ತದೆ. ಅಂದು ಹೌದು ಅಂದದ್ದು ಕೂಸಿಗಾಗಿ, ನಾನು ನಂಬಿದ್ದು ಅದಲ್ಲ ಎಂದು ಅವ್ವನಿಗೆ ತಿಳಿಸಿಬಿಡಬೇಕು ಅನ್ನಿಸುತ್ತದೆ. ತನ್ನ ಮೊಮ್ಮಗಳನ್ನು ಚಿಕ್ಕದು ಮಾಡಿದ್ದು ನಾವಿಬ್ಬರೇ ಎಂದು ಅವಳು ಸಾಯುವವರೆಗೂ ನಂಬಿಕೊಂಡಿರುವುದು ನನಗೆ ಸಹಿಸಲಾಗುವುದಿಲ್ಲ. ಹೇಳಲೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಆಗೆಲ್ಲ ಮಗಳು ಅವಳ ತೊಡೆಯ ಮೇಲೆಯೇ ಇರುತ್ತಾಳೆ.